ನೋಡದೆ ಹೇಳಿದ ಮಗ್ಗುಲು

ಮಗು ಇನ್ನೂ ಎದ್ದಿರಲಿಲ್ಲ. ಏಳದಿರಲಿ ಎಂದು ವಿಬೇಕೆ ಬೇಡಿಕೊಳ್ಳುತ್ತಿದ್ದಳು. ಯಾರನ್ನು ಬೇಡುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಅವಳು ಕೊನೆಯ ಸಲ ಚರ್ಚಿಗೆ ಹೋದದ್ದು ಅಕ್ಕನ ಮಗನ ಮದುವೆಗೆ, ಅಲ್ಲಿಯೂ ಅರ್ಧ ಹೊತ್ತು ಹೊರಗೆ ನಿಂತು ಸಿಗರೇಟು ಸೇದಿದ್ದಳು. ಇಪ್ಪತ್ತೊಂಬತ್ತು ವರ್ಷ ಅರಿವಳಿಕೆ ನರ್ಸ್ ಆಗಿ ದುಡಿದವಳು, ಆಪರೇಷನ್ ಮುಗಿದ ಮಕ್ಕಳು ಬೇಗ ಕಣ್ಣು ಬಿಡಲಿ ಎಂದೇ ಕಾದವಳು, ಇವತ್ತು ಚೇತರಿಕೆ ಕೋಣೆಯ ನಾಲ್ಕನೇ ಮಂಚದ ಪಕ್ಕ ನಿಂತು ಆರು ವರ್ಷದ ಸೋಲ್ವೈಯ ರೆಪ್ಪೆ ಅಲುಗದಿರಲಿ ಎಂದು ಹಾರೈಸುತ್ತಿದ್ದಾಳೆ. ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಮಗುವಿನ ಎಡ ಪಕ್ಕೆಯ ಕೆಳಗೆ, ಮೂತ್ರಪಿಂಡದ ಕೊಳವೆ ಕಟ್ಟಿಕೊಂಡಿದ್ದ ಜಾಗವನ್ನು ಕೊಯ್ದು ಸರಿಮಾಡಿ ಹಾಕಿದ ಹೊಲಿಗೆ ಇದೆ, ಬೆರಳುದ್ದಕ್ಕಿಂತ ಒಂಚೂರು ಜಾಸ್ತಿ. ಆ ಜಾಗವನ್ನು ಮರಗಟ್ಟಿಸಬೇಕಾಗಿದ್ದ ಮದ್ದು ಮಾತ್ರ ಬಲ ಮಗ್ಗುಲಲ್ಲಿದೆ. ಏನೂ ಆಗದ, ಯಾರೂ ಮುಟ್ಟದ ಬಲ ಮಗ್ಗುಲು ಸುಖವಾಗಿ ಮಲಗಿದೆ. ಮಂಚದ ಆ ಕಡೆ ತಾಯಿ ಮರೆನ್ ಕೂತಿದ್ದಾಳೆ, ದ್ವೀಪದಿಂದ ಬೆಳಗಿನ ಮೊದಲ ಫೆರಿಯಲ್ಲಿ ಬಂದವಳು, ಅದೇ ಫೆರಿಯಲ್ಲಿ ಕಾರುಗಳನ್ನು ಸಾಲು ಹಿಡಿಸಿ ನಿಲ್ಲಿಸುವ ಕೆಲಸದವಳು. ಅವಳಿಗೆ ವಿಷಯ ಗೊತ್ತು. ಪೂರ್ತಿ ಗೊತ್ತಿಲ್ಲ.

ಹೇಳದೆ ಉಳಿದದ್ದು ಏನೆಂದು ವಿಬೇಕೆಗೆ ಗೊತ್ತಿತ್ತು. ಅರ್ಧ ಗಂಟೆಯ ಹಿಂದೆ, ಆಪರೇಷನ್ ಇನ್ನೂ ಮುಗಿಯುತ್ತಿರುವಾಗಲೇ, ಇನ್ನೊಬ್ಬ ವೈದ್ಯನನ್ನು ಮಗುವಿನ ತಲೆಯ ಹತ್ತಿರ ನಿಲ್ಲಿಸಿ ಥೋರ್ಕಿಲ್ ಹೊರಗೆ ಬಂದಿದ್ದ. ಮುಖ್ಯ ಅರಿವಳಿಕೆ ವೈದ್ಯ, ಅರವತ್ತೆರಡು ವರ್ಷ, ಕಂಕುಳಲ್ಲಿ ಸದಾ ಒಂದು ಮಡಿಚಿದ ಪತ್ರಿಕೆ. ಟೋಪಿ ತೆಗೆದಿದ್ದ, ಇದ್ದಷ್ಟು ಕೂದಲು ಬೆವರಿಗೆ ನೆತ್ತಿಗಂಟಿತ್ತು. ಪೋಷಕರ ಕೋಣೆಯಲ್ಲಿ ಕುರ್ಚಿ ಬಿಟ್ಟು ಮಕ್ಕಳ ಮಣೆಯಂಥ ಸ್ಟೂಲ್ ಎಳೆದು ಕೂತ. ತಾಯಿಗಿಂತ ಕೆಳಗೆ ಕೂತು ಅವಳನ್ನು ತಲೆಯೆತ್ತಿ ನೋಡುತ್ತಾ, ಹವೆ, ಕಾಫಿ ಅಂತ ಏನನ್ನೂ ಎತ್ತದೆ, ಮೊದಲ ಮಾತಿಗೇ ಹೇಳಿಬಿಟ್ಟ. "ಆಪರೇಷನ್ ಚೆನ್ನಾಗಿ ಆಗ್ತಿದೆ. ಆದ್ರೆ ನಾನೊಂದು ತಪ್ಪು ಮಾಡಿದೀನಿ. ನೋವು ಬರದ ಹಾಗೆ ಕೊಡೋ ಚುಚ್ಚುಮದ್ದನ್ನ ತಪ್ಪು ಮಗ್ಗುಲಿಗೆ ಕೊಟ್ಟುಬಿಟ್ಟೆ." ಮರೆನ್ ಅವನ ಬಾಯನ್ನೇ ನೋಡುತ್ತಿದ್ದಳು. "ಅಂದ್ರೆ?" "ಅಂದ್ರೆ ಅವಳು ಎದ್ದಾಗ ನೋವಾಗುತ್ತೆ. ನಾನು ಆಗಲ್ಲ ಅಂತ ಹೇಳಿದ್ದೆ." "ಈಗ ಆ ಕಡೆಗೂ ಕೊಡಿ ಮತ್ತೆ!" "ಕೊಡೋ ಹಾಗಿಲ್ಲ. ಇಪ್ಪತ್ತೊಂದು ಕಿಲೋ ಮಗುವಿಗೆ ಇಷ್ಟೇ ಅಂತ ಇದೆ. ಅಷ್ಟನ್ನೂ ಹಾಕಿಯಾಗಿದೆ. ಜಾಸ್ತಿ ಆದ್ರೆ ಹೃದಯಕ್ಕೆ ತೊಂದರೆ. ಎರಡೂವರೆ ತನಕ ಕಾಯ್ಲೇಬೇಕು." ಆಗ ಮರೆನ್ ಕೇಳಿದಳು: "ಚುಚ್ಚೋ ಮೊದ್ಲು ಯಾರೂ ನೋಡೋದೇ ಇಲ್ವಾ?" "ನೋಡ್ತೀವಿ. ನಾನು ನೋಡ್ಲಿಲ್ಲ." ಬಾಗಿಲ ಹತ್ತಿರ ಕಾಗದದ ಫೈಲು ಎದೆಗವುಚಿಕೊಂಡು ನಿಂತಿದ್ದ ವಿಬೇಕೆಯ ಕಡೆ ಅವನು ತಿರುಗಲಿಲ್ಲ, ಕಣ್ಣು ಕೂಡ ಹಾಯಿಸಲಿಲ್ಲ. ಅವಳ ಬಾಯಿ ತೆರೆದಿತ್ತು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ನೋಡಬೇಕಾದವಳು ಅವಳು. ಈ ವಿಭಾಗದಲ್ಲಿ ಕಟ್ಟುನಿಟ್ಟಿನ ಪದ್ಧತಿಯೊಂದಿದೆ, ಥೋರ್ಕಿಲ್ಲನೇ ಹುಟ್ಟುಹಾಕಿದ್ದು. ಶಸ್ತ್ರವೈದ್ಯ ಬೆಳಿಗ್ಗೆ ಮಗು ಎಚ್ಚರವಿರುವಾಗಲೇ ತಾಯಿಯೆದುರು ಕೊಯ್ಯುವ ಮಗ್ಗುಲಿಗೆ ಮಸಿಯಲ್ಲಿ ಬಾಣ ಬರೆಯುತ್ತಾನೆ. ಸೂಜಿ ಚರ್ಮಕ್ಕೆ ತಾಗುವ ಮುಂಚೆ ವೈದ್ಯ ಕೈ ತಡೆದು "ಯಾವ ಮಗ್ಗುಲು?" ಎಂದು ಕೇಳಬೇಕು. ನರ್ಸ್ ಹೊದಿಕೆ ಎತ್ತಿ, ಬಾಣದ ಮೇಲೆ ಬೆರಳಿಟ್ಟು, ಬಾಯಿಬಿಟ್ಟು ಹೇಳಬೇಕು. ಸಾವಿರ ಸಲ ಹೇಳಿರಬಹುದು ಅವಳು. ಇವತ್ತು ಎಂಟು ಇಪ್ಪತ್ತೈದಕ್ಕೆ ಅವನು ಕೇಳಿದಾಗ ಬಿಸಿಗಾಳಿಯ ಹೊದಿಕೆ ಮಗುವಿನ ಎಡ ಸೊಂಟದ ಮೇಲೆ ಮಡಿಚಿ ಬಿದ್ದಿತ್ತು, ಬಾಣ ಅದರಡಿಯಲ್ಲಿತ್ತು. ಸ್ಕ್ಯಾನಿಂಗ್ ಯಂತ್ರವನ್ನು ನಿನ್ನೆ ಯಾರೋ ಎಡಗೋಡೆಗೆ ತಳ್ಳಿ ಬಿಟ್ಟಿದ್ದರು. ಅದರ ಪರದೆ ಕಾಣಲೆಂದು ಥೋರ್ಕಿಲ್ ಬಲಗಡೆ ಬಂದು ನಿಂತಿದ್ದ. ಹೊದಿಕೆ ಎತ್ತುವುದಕ್ಕೆ ಎಷ್ಟು ಹೊತ್ತು? ಒಂದು ಸೀನು ಬರುವಷ್ಟು ಹೊತ್ತು. "ನೀನು ನಿಂತಿರೋ ಮಗ್ಗುಲೇ," ಎಂದಳು ವಿಬೇಕೆ, ಡ್ರಿಪ್ಪಿನ ಕಡೆ ನೋಡುತ್ತಾ.

ಯಾಕೆ ಹಾಗೆಂದೆ? ಈ ಪ್ರಶ್ನೆಯನ್ನು ಬೆಳಗಿನಿಂದ ಅವಳು ನೂರು ಸಲ ಕೇಳಿಕೊಂಡಿದ್ದಳು. ಉತ್ತರ ಅಷ್ಟೂ ಸಲ ಒಂದೇ ಬರುತ್ತಿತ್ತು, ಅದನ್ನು ಯಾರಿಗೂ ಹೇಳಲು ನಾಚಿಕೆಯಾಗುವಷ್ಟು ಸಣ್ಣದು: ಒಂದು ಕೇಕು. ವಿರಾಮದ ಕೋಣೆಯ ಗೋಡೆಯ ಮೇಲೆ ಬಿಳಿ ಹಲಗೆ ಇದೆ. ಕೆಲಸದಲ್ಲಿ ಪೆದ್ದುತನ ಮಾಡಿದವರ ಹೆಸರು ಅಲ್ಲಿ ಬೀಳುತ್ತದೆ, ಹೆಸರು ಬಿದ್ದವರು ಎಲ್ಲರಿಗೂ ದಂಡದ ಕೇಕು ತರಬೇಕು. ಹೆಂಡತಿಗೆ ಬರೆದ ಮುದ್ದಿನ ಸಂದೇಶವನ್ನು ಇಡೀ ವಿಭಾಗಕ್ಕೆ ಕಳಿಸಿದವನು ತಂದಿದ್ದ. ಸೈಕಲ್ ಕೀಲಿಯನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನ ಹುಡುಕಿದವಳು ತಂದಿದ್ದಳು. ನಗುವುದಕ್ಕಿರುವ ಪದ್ಧತಿ, ಯಾರಿಗೂ ನೋವಿಲ್ಲ. ಹೋದ ವಾರ ಒಬ್ಬ ಹುಡುಗನ ಹೊಟ್ಟೆಯ ಮೇಲಿನ ಬಾಣ ತೊಳೆದು ಮಾಸಿಹೋಗಿತ್ತು. ವಿಬೇಕೆ "ನಿಲ್ಲಿಸಿ, ನನಗೆ ಕಾಣ್ತಿಲ್ಲ," ಎಂದು ಎಲ್ಲ ತಡೆದಳು. ಶಸ್ತ್ರವೈದ್ಯ ಆಸ್ಗರ್ ಕಾಫಿ ಬಿಟ್ಟು ಎದ್ದು ಬರಬೇಕಾಯಿತು, ಕಾಗದ ತೆಗೆಸಿ ಮತ್ತೆ ನೋಡಿದರು. ಮಗ್ಗುಲು ಮೊದಲೇ ಸರಿಯಾಗಿತ್ತು. ಮಧ್ಯಾಹ್ನ ಹಲಗೆಯ ಮೇಲೆ ಆಸ್ಗರನ ದಪ್ಪ ಅಕ್ಷರ: "ವಿಬೇಕೆ. ಒಂಬತ್ತು ನಿಮಿಷ ಸುಮ್ಮನೆ ಕಾಯಿಸಿದ್ದಕ್ಕೆ." ಎಲ್ಲರೂ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಒಂದು ಗುಕ್ಕು ಜಾಸ್ತಿಯೇ ನಕ್ಕಳು. ಅವತ್ತು ಥೋರ್ಕಿಲ್ ಕೈತೊಳೆಯುವ ತೊಟ್ಟಿಯ ಹತ್ತಿರ "ನಿಲ್ಲಿಸಿದ್ದು ಒಳ್ಳೇದಾಯ್ತು ಕಣೆ" ಅಂದಿದ್ದ. ಅದು ಅವಳ ತಲೆಯಲ್ಲಿ ನಿಲ್ಲಲೇ ಇಲ್ಲ. ನಿಂತದ್ದು ನಗು. ನಿನ್ನೆ ಸಂಜೆ ಕೊಬ್ಬರಿ, ಬೆಣ್ಣೆ, ಕಂದು ಸಕ್ಕರೆ ಕಾಯಿಸಿ ಮೇಲೆ ಸುರಿದು ಅಗಲವಾದ ತಟ್ಟೆಯಲ್ಲಿ ಕೇಕು ಬೇಯಿಸಿದಳು. ಬೆಳಿಗ್ಗೆ ಏಳೂಕಾಲಿಗೆ ಆಸ್ಗರ್ ಎರಡು ತುಂಡು ತಿಂದು ಬೆರಳು ನೆಕ್ಕುತ್ತಾ, "ಅಬ್ಬಾ, ಏನ್ ರುಚಿ! ಇವತ್ತಾದ್ರೂ ನಮ್ಮನ್ನ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡ್ತೀಯೇನಮ್ಮಾ, ಇಲ್ಲ ಇನ್ನೊಂದು ಕೇಕು ತರ್ತೀಯಾ?" ಅಂದ. ಒಂದು ಗಂಟೆಯ ಬಳಿಕ ಅವಳು ಹೊದಿಕೆ ಎತ್ತಲಿಲ್ಲ. ಐವತ್ತನಾಲ್ಕು ವರ್ಷದ ಹೆಂಗಸು, ತಮಾಷೆಗೆ ಹೆದರಿ.

ಬೆಳಕಿಗೆ ಬಂದದ್ದು ಮಗುವನ್ನು ಹೊರಳಿಸುವಾಗ. ಎಡ ಮಗ್ಗುಲು ಮೇಲೆ ಬರುವಂತೆ ಮಲಗಿಸಬೇಕೆಂದು ಆಸ್ಗರ್ ಹೊದಿಕೆ ಎಳೆದ. ಎಡಗಡೆ ನೀಲಿ ಬಾಣ, ಬಲಗಡೆ ಸೂಜಿ ಹೋದ ಜಾಗಕ್ಕೆ ಅಂಟಿಸಿದ ಚಿಕ್ಕ ಪಟ್ಟಿ, ಪಟ್ಟಿಯ ಮೇಲೆ ನಗುವ ಆನೆಯ ಚಿತ್ರ. "ಥೋರ್ಕಿಲ್," ಎಂದ ಆಸ್ಗರ್, ಅವನ ದನಿಯಲ್ಲಿ ತಮಾಷೆಯ ಎಳೆಯೂ ಇರಲಿಲ್ಲ, "ಈ ಪಟ್ಟಿ ಈ ಕಡೆ ಯಾಕಿದೆ?" ಥೋರ್ಕಿಲ್ ಬಗ್ಗಿ ನೋಡಿದ, ಎರಡು ಕಡೆಯೂ ನೋಡಿದ. ಯಾರ ಮೇಲೂ ರೇಗಲಿಲ್ಲ. "ತಪ್ಪು ಮಗ್ಗುಲಿಗೆ ಚುಚ್ಚಿದೀನಿ. ಟೈಮ್ ಬರ್ಕೊಳ್ಳಿ. ಆಸ್ಗರ್, ಗಾಯಕ್ಕೂ ಆ ಮದ್ದು ಹಾಕೋ ಹಾಗಿಲ್ಲ, ಲೆಕ್ಕ ಮುಗಿದಿದೆ. ನೀನು ನಿನ್ನ ಕೆಲಸ ಮಾಡು, ಮಿಕ್ಕಿದ್ದು ನಾನು ನೋಡ್ಕೋತೀನಿ." ಅಷ್ಟೇ. ಅವಳ ಕೈಯಿಂದ ನೋವು ತಗ್ಗಿಸುವ ಮಾರ್ಫೀನಿನ ಸಿರಿಂಜು ಇಸಿದುಕೊಳ್ಳುವಾಗ ಎಂದಿನಂತೆ ಥ್ಯಾಂಕ್ಸ್ ಕೂಡ ಹೇಳಿದ. ಒಂದು ಬೈಗುಳ ಬಿದ್ದಿದ್ದರೆ ಅದನ್ನು ಹಿಡಿದುಕೊಂಡಾದರೂ ನಿಲ್ಲಬಹುದಿತ್ತು.

ಸೋಲ್ವೈ ಕಣ್ಣು ಬಿಟ್ಟದ್ದು ಹನ್ನೆರಡಕ್ಕೆ ಐದು ನಿಮಿಷ ಇರುವಾಗ. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಒಣಗಿದ ತುಟಿಯನ್ನು ನಾಲಿಗೆ ಹುಡುಕಿತು. ಆಮೇಲೆ ನೋವು ಅವಳನ್ನು ಹುಡುಕಿಕೊಂಡು ಬಂತು. ಮಗು ಚೀರಲಿಲ್ಲ. ಚೀರಿದರೆ ಹೊಟ್ಟೆ ಎಳೆಯುತ್ತದೆಂದು ಎರಡೇ ಉಸಿರಿನಲ್ಲಿ ಕಲಿತುಬಿಟ್ಟಿತು. ತೆಳ್ಳಗೆ, ಮೂಗಿನಲ್ಲಿ ಒಂದು ಕುಂಯ್ ಸದ್ದು ಹೊರಟಿತು, ನಿಲ್ಲದೆ ಹೊರಡುತ್ತಲೇ ಇತ್ತು. "ಅಮ್ಮಾ." "ಇದೀನಿ ಕಂದಾ, ಇಲ್ಲೇ ಇದೀನಿ." ಮರೆನ್ ಅವಳ ಕೈ ಹಿಡಿದಳು. ಥೋರ್ಕಿಲ್ ಡ್ರಿಪ್ಪಿಗೆ ಮಾರ್ಫೀನ್ ಕೊಟ್ಟ, ಸ್ವಲ್ಪ, ಕಾದು ಮತ್ತೆ ಸ್ವಲ್ಪ, ಉಸಿರಾಟ ಎಣಿಸುತ್ತಾ. ಬೆಳಿಗ್ಗೆ ಇದೇ ಮಗು ಅವನನ್ನು ವಿಚಾರಣೆಗೆ ಹಚ್ಚಿತ್ತು. ನೋವಾಗುತ್ತಾ ಎಂದು ಕೇಳಿತ್ತು. ಆ ಜಾಗಕ್ಕೆ ನಿದ್ದೆ ಬರಿಸ್ತೀನಿ, ನೀನು ಎದ್ರೂ ಅದು ಮಲಗೇ ಇರುತ್ತೆ, ಅಂದಿದ್ದ ಅವನು. "ಜಾಗಕ್ಕೆ ನಿದ್ದೆ ಬರುತ್ತಾ?" "ಬರುತ್ತೆ." "ಗೊರಕೆ ಹೊಡೆಯುತ್ತಾ?" "ಒಂದೊಂದು ಹೊಡೆಯುತ್ತೆ." ಈಗ ಅವಳ ಬಲಗೈ, ಡ್ರಿಪ್ಪಿನ ಸೂಜಿಗೆ ಬಟ್ಟೆ ಸುತ್ತಿ ದಪ್ಪವಾದ ಕೈ, ಮೆಲ್ಲಗೆ ಅಂಗಿಯ ಕೆಳಗೆ ಹೋಯಿತು. ಬಲಗಡೆ ಮುಟ್ಟಿತು. ಚಿವುಟಿತು. ಮುಖದಲ್ಲಿ ನೋವಿನ ನಡುವೆಯೇ ಒಂದು ಬೆರಗು. "ಇದು ಮಲಗಿದೆ," ಎಂದಳು ಸೋಲ್ವೈ. ಮತ್ತೆ, ದೂರು ಹೇಳುವವಳಂತೆ ಥೋರ್ಕಿಲ್ಲನ ಕಡೆ ನೋಡಿ, "ತಪ್ಪು ಹೊಟ್ಟೆ ಮಲಗಿದೆ."

ವಿಬೇಕೆಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಥೋರ್ಕಿಲ್ ಬಗ್ಗಿ ಮಗುವಿನ ಮುಖದ ಮಟ್ಟಕ್ಕೆ ಬಂದ. "ಹೌದು ಸೋಲ್ವೈ. ನಾನು ತಪ್ಪು ಮಾಡಿದೆ. ಆ ಕಡೆ ಕೊಡಬೇಕಾಗಿತ್ತು, ಈ ಕಡೆ ಕೊಟ್ಟೆ." ಮಗು ಇದನ್ನು ಕುಂಯ್‌ಗುಡುತ್ತಲೇ ಯೋಚಿಸಿತು. "ಹಂಗಾದ್ರೆ ಇದನ್ನ ಎಬ್ಬಿಸಿ ಅದನ್ನ ಮಲಗ್ಸು." "ಎಬ್ಬಿಸೋಕೆ ನನಗೆ ಬರಲ್ಲ. ಅದು ತಾನಾಗೇ ಏಳ್ಬೇಕು. ದೊಡ್ಡ ಮುಳ್ಳು ಎರಡು ಸುತ್ತು ಹಾಕಿ ಇನ್ನರ್ಧ ಬಂದ ಮೇಲೆ ಆ ಕಡೆ ಮಲಗಿಸ್ತೀನಿ. ಅಲ್ಲೀವರೆಗೂ ನಾನು ಎಲ್ಲೂ ಹೋಗಲ್ಲ." ಹೋಗಲೂ ಇಲ್ಲ. ಪೋಷಕರ ಕೋಣೆಯ ಆ ಸ್ಟೂಲನ್ನೇ ತರಿಸಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತ. ಆ ದಿನದ ಎರಡನೇ ಆಪರೇಷನ್ನಿಗೆ ಬಂದಿದ್ದ ಮಗುವನ್ನು ನೆಗಡಿಯೆಂದು ಮನೆಗೆ ಕಳಿಸಿದ್ದರಿಂದ ಅವನ ಕೈ ಖಾಲಿ ಇತ್ತು, ಮಿಕ್ಕ ಕರೆಗಳನ್ನೆಲ್ಲ ಬೇರೆಯವರಿಗೆ ಹೊರಿಸಿದ. ಮಾರ್ಫೀನಿಗೆ ಮಗುವಿನ ಮೂಗು ತುರಿಸಿತು, ಅವನು ಒದ್ದೆ ಬಟ್ಟೆ ಒತ್ತಿದ. ಆಮೇಲೆ ಹೊಟ್ಟೆ ತೊಳಸಿತು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ವಾಂತಿ ಎಂದರೆ ಏನೆಂದು ಬಲ್ಲ ಮೂವರು ದೊಡ್ಡವರು ಆ ಮಂಚದ ಸುತ್ತ ಉಸಿರು ಹಿಡಿದರು. ಥೋರ್ಕಿಲ್ ಒಂದು ದಿಂಬು ಮಡಿಚಿ ಗಾಯದ ಮೇಲೆ ಎರಡೂ ಅಂಗೈಯಿಂದ ಒತ್ತಿ ಹಿಡಿದ. ಮಗು ಅವನ ತೋಳಿನ ಮೇಲೆಯೇ ಕಕ್ಕಿತು. ಅವನು ತೋಳು ಎಳೆದುಕೊಳ್ಳಲಿಲ್ಲ.

ವಿಬೇಕೆಗೆ ಆ ವಾಸನೆ ಗೊತ್ತಿತ್ತು. ಏಳು ವರ್ಷದವಳಿದ್ದಾಗ, ಪಶ್ಚಿಮ ಕರಾವಳಿಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಅವಳ ಅಪೆಂಡಿಕ್ಸ್ ತೆಗೆದಿದ್ದರು. ಅಪ್ಪ ಅಮ್ಮನನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದರು, ಭಾನುವಾರ ಎರಡರಿಂದ ಮೂರು ಭೇಟಿಯ ಸಮಯ. ಇಸ್ತ್ರಿ ಮಾಡಿದ ಬಿಳಿ ಏಪ್ರನ್ನಿನ ನರ್ಸ್ ಒಬ್ಬಳು, "ಜಾಣೆ ಹುಡುಗಿ ಅಳೋದಿಲ್ಲ," ಎಂದು ಕೆನ್ನೆ ತಟ್ಟಿ ಹೋದಳು. ಅವಳು ಜಾಣೆಯಾಗಿಯೇ ಮಲಗಿದಳು, ಮೂರು ದಿನ, ಹಾಸಿಗೆಯ ಅಂಚು ಕಚ್ಚಿಕೊಂಡು. ಮಕ್ಕಳಿಗೆ ನೋವು ದೊಡ್ಡವರಷ್ಟು ತಿಳಿಯುವುದಿಲ್ಲ ಎಂದು ಓದಿದವರೇ ನಂಬಿದ್ದ ಕಾಲ. ಮುಂದೆ ಇದೇ ಕೆಲಸಕ್ಕೆ ಬಂದ ಮೇಲೂ ಎಷ್ಟೋ ವರ್ಷ ಮಕ್ಕಳು ಒಂದೋ ನೋವಿನಲ್ಲಿ ಏಳುತ್ತಿದ್ದವು, ಇಲ್ಲ ಮಾರ್ಫೀನಿನ ಮಂಕಿನಲ್ಲಿ ಕಕ್ಕುತ್ತಾ ತುರಿಸಿಕೊಳ್ಳುತ್ತಾ ಏಳುತ್ತಿದ್ದವು. ಆಮೇಲೆ ಥೋರ್ಕಿಲ್ ಬಂದ, ಜತೆಗೆ ಆ ಸ್ಕ್ಯಾನಿಂಗ್ ಯಂತ್ರವೂ ಬಂತು. ಅವನು ಮೊದಲ ಸಲ ಒಬ್ಬ ಹುಡುಗನಿಗೆ ಹೊಟ್ಟೆಯ ಗೋಡೆಯೊಳಗೆ ನರಗಳು ಹರಿಯುವ ಪದರದಲ್ಲಿ ಮದ್ದಿಟ್ಟ ದಿನ ಅವಳಿಗೆ ಇನ್ನೂ ನೆನಪಿದೆ. ಆ ಹುಡುಗ ಎದ್ದವನೇ ಅಕ್ಕಪಕ್ಕ ನೋಡಿ, "ನಂಗೆ ಲಿವರ್ ಸವರಿದ ರೊಟ್ಟಿ ಬೇಕು," ಎಂದ. ದಿನಾ ತಿನ್ನುವ ರೊಟ್ಟಿ ಕೇಳಿದ, ನೋವಿನ ಮಾತೇ ಎತ್ತಲಿಲ್ಲ. ವಿಬೇಕೆ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು, ಯಾಕೆ ಅಳುತ್ತಿದ್ದೇನೆಂದು ತಿಳಿಯದೆ. ಅಂಥದ್ದನ್ನು ದಿನಾ ಮಾಡುವ ಮನುಷ್ಯ. ಅವನ ಆ ಕೈಯನ್ನು ಇವತ್ತು ಅವಳ ಒಂದು ಸೋಮಾರಿ ಮಾತು ತಪ್ಪು ಕಡೆ ಕಳಿಸಿತ್ತು.

ಒಂದು ಗಂಟೆಗೆ ಅವನಿಗೆ ಏನಾದರೂ ತಿನ್ನಲು ತರೋಣವೆಂದು ವಿರಾಮದ ಕೋಣೆಗೆ ಹೋದಳು. ಆಸ್ಗರ್ ಒಬ್ಬನೇ ನಿಂತಿದ್ದ. ಬಿಳಿ ಹಲಗೆ ಪೂರ್ತಿ ಒರೆಸಿತ್ತು, ಒಂದು ಹೆಸರೂ ಇಲ್ಲ. "ನಾನು ಅವತ್ತು ಹಾಗೆ ಬರೀಬಾರ್ದಿತ್ತು," ಎಂದ ಅವನು, ಅವಳ ಕಡೆ ನೋಡದೆ. ಅವಳಿಗೆ ಅವನ ಕತ್ತುಪಟ್ಟಿ ಹಿಡಿದು ಹೌದು ಕಣೋ, ನಿನ್ನಿಂದಲೇ ಆಗಿದ್ದು ಇಷ್ಟೆಲ್ಲ, ಎಂದು ಕೂಗಬೇಕೆನ್ನಿಸಿತು. ಕೂಗಿದ್ದರೆ ಅವನು ಒಪ್ಪಿಕೊಂಡೂ ಬಿಡುತ್ತಿದ್ದ, ಅಷ್ಟು ಸಪ್ಪಗಿತ್ತು ಅವನ ಮುಖ. "ನೀನು ಬರೆದದ್ದು ಕೇಕಿಗೆ," ಎಂದಳು. "ಇವತ್ತು ಬಾಯಿಬಿಟ್ಟವಳು ನಾನು." ಆಸ್ಗರ್ ದನಿ ತಗ್ಗಿಸಿ ಹೇಳಿದ: "ಆಪರೇಷನ್ ಮುಗಿಯೋ ಮೊದ್ಲೇ ಥೋರ್ಕಿಲ್ ವರದಿ ಬರೆದು ಕಳಿಸಿಯಾಯ್ತು. ನಾನು ಓದಿದೆ. ನೋಡದೆ ಶುರು ಮಾಡಿದೆ ಅಂತ ತನ್ನ ಮೇಲೇ ಹಾಕ್ಕೊಂಡಿದಾನೆ. ನಿನ್ನ ಹೆಸರೇ ಇಲ್ಲ. ಸುಮ್ನಿರು ಮಾರಾಯ್ತಿ. ಅವನಿಗೆ ರಿಟೈರ್ ಆಗೋಕೆ ಇನ್ನು ಎಷ್ಟು ವರ್ಷ? ಅವನಿಗೇನೂ ಆಗಲ್ಲ. ನಿನಗೆ ಹಾಗಲ್ಲ."

ಇಲ್ಲ, ಅವಳಿಗೆ ಹಾಗಲ್ಲ. ಅವಳು ರೊಟ್ಟಿಗೆ ಬೆಣ್ಣೆ ಸವರಿದಳು, ಸವರಿದ್ದರ ಮೇಲೇ ಮತ್ತೆ ಸವರಿದಳು. ತನ್ನ ಹೆಸರಿಲ್ಲ ಎಂದು ಕೇಳಿದಾಗ ಮೊದಲು ಎದೆಯಲ್ಲಿ ಹಗುರಾದದ್ದು ನಿಜ. ಅದು ನಿಜವಾದ್ದರಿಂದಲೇ ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಥೋರ್ಕಿಲ್ ಔದಾರ್ಯ ತೋರಿಸಲು ಹೀಗೆ ಮಾಡುವವನಲ್ಲ. ಅವನ ಪ್ರಕಾರ ಅದು ಬರಿಯ ಸತ್ಯ: ಕಣ್ಣು ನನಗೂ ಇತ್ತು, ಸೂಜಿ ನನ್ನ ಕೈಯಲ್ಲಿತ್ತು. ಸರಿಯೇ. ಹಾಗಾದರೆ ಅವಳಿಗಿದ್ದ ಕಣ್ಣು? ತನ್ನ ಪಾಲನ್ನು ಎತ್ತಿಕೊಳ್ಳುವ ಮನುಷ್ಯನೊಬ್ಬ ಎದುರಿಗೆ ಕೂತಿರುವಾಗ ತನ್ನ ಪಾಲನ್ನೂ ಅವನ ತಟ್ಟೆಗೆ ಬಡಿಸಿ ಕೈ ತೊಳೆದುಕೊಳ್ಳುವುದೇ? ಯಾರೂ ನೋಡೋದೇ ಇಲ್ವಾ ಎಂದು ಆ ತಾಯಿ ಕೇಳಿದ್ದಳು. ಆ ಪ್ರಶ್ನೆ ಕೇಳಿದ್ದು ಅವನನ್ನು, ಉತ್ತರ ಇದ್ದದ್ದು ಬಾಗಿಲಲ್ಲಿ. ಹೇಳಿಬಿಟ್ಟರೆ ಏನಾದೀತು? ತನಿಖೆ, ಕಾಗದ, ಸಹೋದ್ಯೋಗಿಗಳು ಹೆಚ್ಚೇ ಮೆತ್ತಗೆ ಮಾತಾಡುವುದು. ಕೆಲಸ ಹೋಗಲಿಕ್ಕಿಲ್ಲ, ಹೋದರೂ ಹೋಗಬಹುದು. ಅವಳಿಗೆ ಅದೆಲ್ಲ ದೊಡ್ಡ ಭಯವಾಗಿ ಕಾಣಲಿಲ್ಲ. ದೊಡ್ಡ ಭಯ ಬೇರೆ ಇತ್ತು: ಆ ತಾಯಿ ತನ್ನ ಮುಖ ನೋಡುವುದು.

ರೊಟ್ಟಿ ತಂದುಕೊಟ್ಟಾಗ ಥೋರ್ಕಿಲ್ ಒಂದೇ ಕೈಯಲ್ಲಿ ತಿಂದ, ಇನ್ನೊಂದು ಕೈ ದಿಂಬಿನ ಮೇಲಿತ್ತು. ಬೇರೆ ಅಂಗಿ ಹಾಕಿಕೊಳ್ಳಲು ಕೂಡ ಎದ್ದಿರಲಿಲ್ಲ. ಸೋಲ್ವೈ ಆಗಾಗ ಮಂಕಾಗಿ ಕಣ್ಣು ಮುಚ್ಚುವಳು, ಮಗ್ಗುಲು ಅಲುಗಿದರೆ ಬೆಚ್ಚಿ ತೆರೆದು ಗಡಿಯಾರ ನೋಡುವಳು. "ದೊಡ್ಡ ಮುಳ್ಳು ನಿಂತೋಗಿದೆ," ಎಂದು ಎರಡು ಸಲ ದೂರಿದಳು. ಮರೆನ್ ಅವಳಿಗೆ ಫೆರಿಯ ಮೇಲೆ ಕಾರುಗಳನ್ನು ಹೇಗೆ ತುಂಬುತ್ತಾರೆಂದು ಪಿಸುದನಿಯಲ್ಲಿ ಹೇಳುತ್ತಿದ್ದಳು, ಮಗುವಿಗೆ ಎಂದೋ ಬಾಯಿಪಾಠವಾಗಿದ್ದ ಕಥೆ: ಮೊದಲು ಲಾರಿ, ಆಮೇಲೆ ಕುದುರೆ ಸಾಗಿಸೋ ಟ್ರೇಲರ್ ಎಳೆಯೋ ಕಾರು, ಆಮೇಲೆ ಪುಟ್ಟ ಕಾರು. ಎರಡೂ ಇಪ್ಪತ್ತಕ್ಕೆ ಥೋರ್ಕಿಲ್ ಎದ್ದು ಬೆನ್ನು ನೆಟ್ಟಗೆ ಮಾಡಿ, ಯಂತ್ರ ತರಿಸಿದ. ಕೈತೊಳೆಯುವ ತೊಟ್ಟಿಯ ಹತ್ತಿರ ವಿಬೇಕೆಗೆ, "ಅರ್ಧ ಪ್ರಮಾಣ ಸಾಕು ಈಗ. ಸ್ವಲ್ಪ ನಿದ್ದೆ ಮದ್ದು ಕೊಟ್ಟು ಇಲ್ಲೇ ಮಾಡೋಣ. ಬಾ," ಎಂದ.

"ಬೇರೆ ಯಾರನ್ನಾದ್ರೂ ಕರಿ."

"ಬೇರೆಯವರು ಯಾಕೆ?"

"ಥೋರ್ಕಿಲ್, ನಾನು ಹೊದಿಕೆ ಎತ್ತಲೇ ಇಲ್ಲ. ನೋಡದೆ ಹೇಳಿದೆ."

"ಗೊತ್ತು," ಎಂದ ಅವನು. "ಅದಕ್ಕೇ ಬಾ ಅಂದಿದ್ದು."

ಅವನ ಮುಖದಲ್ಲಿ ಉಪದೇಶವಿರಲಿಲ್ಲ, ಕ್ಷಮೆ ಕೊಡುತ್ತಿದ್ದೇನೆಂಬ ಹಿರಿಮೆಯೂ ಇರಲಿಲ್ಲ. ಮೊಣಕೈವರೆಗೆ ಸೋಪು ಹಚ್ಚಿಕೊಂಡು ನೀರಿನ ಬಿಸಿ ಸರಿಯಿದೆಯೇ ಎಂದು ನೋಡುತ್ತಿದ್ದ, ಅಷ್ಟೇ. ಇಂಥ ಮನುಷ್ಯನ ಜತೆ ಹದಿನೇಳು ವರ್ಷ ಕೆಲಸ ಮಾಡಿದ್ದೇನೆ ಎಂಬುದು ಅವಳಿಗೆ ಆಗ ಹೆಮ್ಮೆಯಾಗಿ ಕಂಡಿತು. ಹೆಮ್ಮೆ ಪಡುವ ಯೋಗ್ಯತೆ ತನಗಿನ್ನೂ ಬಂದಿಲ್ಲ ಎಂದೂ ಅನ್ನಿಸಿತು. ಕೈ ಒರೆಸಿಕೊಂಡು, ಅವನಿಗಿಂತ ಮೊದಲೇ ಮಂಚದ ಹತ್ತಿರ ಹೋದಳು. ಮರೆನ್ ತಲೆಯೆತ್ತಿದಳು.

"ನೀವು ಬೆಳಿಗ್ಗೆ ಕೇಳಿದ್ರಿ, ಚುಚ್ಚೋ ಮೊದ್ಲು ಯಾರೂ ನೋಡಲ್ವಾ ಅಂತ," ಎಂದಳು ವಿಬೇಕೆ. "ನೋಡಬೇಕಾದವಳು ನಾನು. ಬಾಣ ನೋಡಿ, ಬೆರಳಿಟ್ಟು ಹೇಳೋದು ನನ್ನ ಕೆಲಸ. ಥೋರ್ಕಿಲ್ ಕೇಳ್ದ. ನಾನು ನೋಡ್ಲಿಲ್ಲ. ನೋಡಿದೋಳ ಹಾಗೆ ಹೇಳ್ಬಿಟ್ಟೆ. ಅವನು ನನ್ನ ನಂಬಿ ಚುಚ್ಚಿದ."

ಮರೆನ್ ಮಗಳ ಕೈ ಬಿಡಲಿಲ್ಲ. ಬಿಸಿಲಿಗೆ ಗಾಳಿಗೆ ಒರಟಾದ ಮುಖ. ಅದರಲ್ಲಿ ಕೆಂಪು ಕತ್ತಿನಿಂದ ಮೇಲಕ್ಕೆ ಏರುವುದು ಕಂಡಿತು. "ಮತ್ತೆ ಅಲ್ಲಿ ಬಾಗಿಲಲ್ಲಿ ನಿಂತಿದ್ಯಲ್ಲ ನೀನು, ಅವನು ಹೇಳುವಾಗ?"

"ನಿಂತಿದ್ದೆ."

"ಬಾಯಿ ಬಿಡ್ಲಿಲ್ಲ."

"ಇಲ್ಲ."

"ಎರಡೂವರೆ ಗಂಟೆ ನನ್ನ ಮಗು ಹೀಗೆ..." ಮರೆನ್ ಮಾತು ಮುಗಿಸಲಿಲ್ಲ. ಥೋರ್ಕಿಲ್ ಕೈಗವಸು ಹಾಕಿಕೊಂಡು ಹಿಂದೆ ಬಂದು ನಿಂತಿದ್ದ, ನಡುವೆ ಬಾಯಿ ಹಾಕಲಿಲ್ಲ. ವಿಬೇಕೆ ತಲೆ ತಗ್ಗಿಸದೆ ನಿಂತಳು. ಆ ತಾಯಿಯ ಕಣ್ಣನ್ನು ನೋಡುತ್ತಾ ನಿಲ್ಲುವುದೇ ಈಗ ಮಾಡಬಹುದಾದ ಒಂದೇ ಮರ್ಯಾದೆ ಎಂದು ಅವಳಿಗೆ ತಿಳಿದಿತ್ತು. ಕೊನೆಗೆ ಮರೆನ್ ಮೂಗೊರೆಸಿಕೊಂಡಳು. "ಈಗ ನಿನ್ನ ಮೇಲೆ ಸಿಟ್ಟು ಮಾಡೋಕೂ ನನಗೆ ಪುರಸೊತ್ತಿಲ್ಲ. ಅದೆಲ್ಲ ಆಮೇಲೆ. ಈಗ ಮೊದ್ಲು ಇದನ್ನ ಮಾಡಿ."

ನಿದ್ದೆಯ ಮದ್ದಿಗೆ ಸೋಲ್ವೈಯ ಹಿಡಿತ ಸಡಿಲಾಯಿತು. ಥೋರ್ಕಿಲ್ ಎಡಗಡೆ ನಿಂತ. ಎಡಗಡೆಯೇ ಅಂಗೈಯಗಲದ ಪಟ್ಟಿ ಇತ್ತು, ಪಟ್ಟಿಯ ಕೆಳಗೆ ರಕ್ತದ ಸಣ್ಣ ಕಲೆ. ಯಾವ ಮಗ್ಗುಲೆಂದು ದಾರಿಹೋಕರೂ ಹೇಳಬಹುದಿತ್ತು. ಆದರೂ ಅವನು ಸೂಜಿ ಹಿಡಿದ ಕೈಯನ್ನು ತಡೆದು, ಕೇಳುವ ಹಾಗೆಯೇ ಕೇಳಿದ: "ಯಾವ ಮಗ್ಗುಲು, ವಿಬೇಕೆ?" ಅವಳು ಹೊದಿಕೆಯನ್ನು ಪೂರ್ತಿ ಎತ್ತಿದಳು. ಮಣಿಕಟ್ಟಿನ ಹೆಸರು ಓದಿದಳು, ಕಾಗದ ಓದಿದಳು. ಪಟ್ಟಿಯ ಅಂಚಿನಿಂದ ನೀಲಿ ಬಾಣದ ಬಾಲ ಅರ್ಧ ಇಂಚು ಹೊರಗಿತ್ತು, ಅದರ ಮೇಲೆ ಬೆರಳಿಟ್ಟಳು. ಚರ್ಮ ಬೆಚ್ಚಗಿತ್ತು. "ಎಡ," ಎಂದಳು.

"ಕೇಳಿಸ್ಲಿಲ್ಲ," ಎಂದಳು ಮರೆನ್.

"ಎಡ!" ಎಂದಳು ವಿಬೇಕೆ. ಎರಡನೇ ಮಂಚದ ಹತ್ತಿರ ಇದ್ದ ನರ್ಸ್ ತಿರುಗಿ ನೋಡಿದಳು.

"ಎಡ," ಎಂದ ಥೋರ್ಕಿಲ್. ಸೂಜಿ ಒಳಗೆ ಹೋಯಿತು. ಬೂದು ಪರದೆಯ ಮೇಲೆ ಹೊಟ್ಟೆಯ ಗೋಡೆಯ ಮೂರು ಪದರ, ಒಂದರ ಮೇಲೊಂದು ಮಡಿಚಿಟ್ಟ ಕಂಬಳಿಗಳ ಹಾಗೆ. ಅವುಗಳ ನಡುವೆ ಬೆಳ್ಳಗೆ ಮಿನುಗುವ ಸೂಜಿಯ ತುದಿ, ಉಸಿರಿಗೆ ಉಸಿರು ಕಾದು, ಒಂದು ಕೂದಲಷ್ಟು ಮುಂದೆ, ನಿಂತು, ಮತ್ತೆ ಒಂದು ಕೂದಲಷ್ಟು. ಅವಳು ಸಿರಿಂಜು ಒತ್ತಿದಳು. ಎರಡು ಪದರಗಳ ನಡುವೆ ಕಪ್ಪಗೆ ಮದ್ದು ತೆರೆದುಕೊಂಡಿತು, ಹರಡಿತು, ನರಗಳಿರುವ ಕಡೆಗೆ ತಾನೇ ದಾರಿ ಮಾಡಿಕೊಂಡು ಹೋಯಿತು. ಹದಿನೇಳು ವರ್ಷದಲ್ಲಿ ಎಷ್ಟು ಸಲ ನೋಡಿದ್ದಾಳೋ, ಇವತ್ತೂ ಅವಳ 'ಆಹಾ' ಗಂಟಲಿಂದ ಹೊರಗೆ ಬಂದುಬಿಟ್ಟಿತು. ಮರೆನ್ ಕೂಡ ಪರದೆ ನೋಡುತ್ತಿದ್ದಳು. "ಅದೇನಾ?" "ಅದೇ," ಎಂದ ಥೋರ್ಕಿಲ್, ಅವನ ಮಾತಿನಲ್ಲಿ ಬೆಳಗಿನಿಂದ ಮೊದಲ ಸಲ ಸಂತೋಷವಿತ್ತು.

ಇಪ್ಪತ್ತು ನಿಮಿಷದಲ್ಲಿ ಆ ತೆಳ್ಳಗಿನ ಕುಂಯ್ ಸದ್ದು ನಿಂತಿತು. ಅದು ಅಷ್ಟು ಹೊತ್ತು ಕೇಳಿಸುತ್ತಲೇ ಇತ್ತೆಂದು ನಿಂತ ಮೇಲೆ ಗೊತ್ತಾಯಿತು. ಮಗುವಿನ ಹುಬ್ಬಿನ ಗಂಟು ಬಿಚ್ಚಿತು, ಕಾಲು ನೀಡಿಕೊಂಡಿತು, ಬಾಯಿ ಅರ್ಧ ತೆರೆದು ನಿಜವಾದ ನಿದ್ದೆ ಹೊಡೆಯಿತು. ಥೋರ್ಕಿಲ್ ಕೊನೆಗೂ ಅಂಗಿ ಬದಲಿಸಲು ಹೋದ. ಹೋಗುವಾಗ ಅವನು ಕುಂಟುತ್ತಿದ್ದ, ಆ ಮಣೆಯ ಮೇಲೆ ಕೂತು ಕಾಲು ಜೋಮು ಹಿಡಿದಿತ್ತು. ವಿಬೇಕೆ ತನ್ನ ಹೆಸರು ಸೇರಿಸಿ ವರದಿ ಬರೆಯಬೇಕೆಂದು ಫೈಲು ಎತ್ತಿಕೊಂಡಳು.

"ಆರು ವಾರ ಬಿಟ್ಟು ಮತ್ತೆ ಬರ್ಬೇಕಂತಲ್ಲ, ಒಳಗೆ ಇಟ್ಟಿರೋ ಪ್ಲಾಸ್ಟಿಕ್ ಕೊಳವೆ ತೆಗೆಯೋಕೆ," ಎಂದಳು ಮರೆನ್, ಮಗಳ ಮುಖದಿಂದ ಕಣ್ಣು ತೆಗೆಯದೆ. "ಅವತ್ತು ಇವಳ ತಲೆ ಹತ್ರ ನರ್ಸ್ ಯಾರಿರ್ತಾರೆ?"

"ಬೇರೆಯವರನ್ನ ಹಾಕಿಸ್ತೀನಿ. ಇವತ್ತೇ ಬರೆದಿಡ್ತೀನಿ."

"ಬೇಡ." ಮರೆನ್ ನಗಲಿಲ್ಲ. ಸಿಟ್ಟು ಇನ್ನೂ ಅಲ್ಲೇ ಇತ್ತು, ಕೆನ್ನೆಯ ಮೇಲೆ, ದನಿಯಲ್ಲಿ. "ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ನೀನಿನ್ನು ಸಾಯೋತನಕ ನೋಡದೆ ಹೇಳೋಳಲ್ಲ. ನೀನೇ ಇರು."